ಕಿವಿಯಿದ್ದ ಗೋಲ್‌ಕೀಪರ್

ಮದುವೆಯಾಗಿ ಇಪ್ಪತ್ತೊಂದು ವರ್ಷವಾಗಿತ್ತು. ಅಷ್ಟು ವರ್ಷಗಳಲ್ಲಿ ಗಂಡ ಯಾರಿಂದಲೂ ಹೇಳಿಸಿಕೊಳ್ಳದೆ ತಾನಾಗಿ ಸೋಪು ಹಾಕಿ ಕೈ ತೊಳೆದದ್ದನ್ನು ಆ ಮನೆಯ ಸೊಸೆ ಒಮ್ಮೆಯೂ ಕಂಡವಳಲ್ಲ. ಈಗ ಮೂರು ವಾರದಿಂದ ಅವನು ಅಂಗಡಿಯಿಂದ ಬಂದವನೇ ನೇರ ಬಚ್ಚಲಿಗೆ ಹೋಗಿ ಮೊಣಕೈವರೆಗೆ ಉಜ್ಜಿ ಉಜ್ಜಿ ತೊಳೆಯುತ್ತಿದ್ದ. ಒರೆಸಿಕೊಳ್ಳಲು ಒಗೆದ ಟವೆಲ್ಲೇ ಬೇಕೆನ್ನುತ್ತಿದ್ದ. ಹೀಗೆ ಕೈ ತೊಳೆಯುವ ಗಂಡಸಿನ ಬಗ್ಗೆ ಯಾವ ಹೆಂಡತಿಗೆ ತಾನೇ ಒಳ್ಳೆಯ ಯೋಚನೆ ಬಂದೀತು? ಒಗೆಯಲು ತೆಗೆದ ಪ್ಯಾಂಟಿನ ಜೇಬಿನಲ್ಲಿ ಒಂದು ಜೊತೆ ಬಿಳಿ ಹತ್ತಿಯ ಗ್ಲೌಸು ಸಿಕ್ಕ ದಿನ ಅವಳ ಅನುಮಾನ ಗಟ್ಟಿಯಾಯಿತು. ಏನೆಂದು ಅನುಮಾನಪಡಬೇಕು ಎಂಬುದು ಮಾತ್ರ ತಿಳಿಯಲಿಲ್ಲ.

"ಇದೇನ್ರೀ?" ಎಂದು ಗ್ಲೌಸನ್ನು ಊಟದ ಮೇಜಿನ ಮೇಲೆ, ಬೇಯಿಸಿದ ಆಲೂಗಡ್ಡೆಯ ಪಾತ್ರೆಯ ಪಕ್ಕದಲ್ಲಿ ಇಟ್ಟಳು.

"ಗ್ಲೌಸು."

"ಅದು ನನಗೂ ಕಾಣುತ್ತೆ. ಯಾತಕ್ಕೆ ಅಂತ ಕೇಳಿದ್ದು."

"ಕೆಲಸಕ್ಕೆ ಕಣೇ."

"ಗಡಿಯಾರ ರಿಪೇರಿಗೆ ಯಾವಾಗಿಂದ ಗ್ಲೌಸು? ಮೊನ್ನೆವರೆಗೂ ಮೂಗು ತುರಿಸಿಕೊಂಡ ಕೈಯಲ್ಲೇ ಮುಳ್ಳು ಜೋಡಿಸ್ತಿದ್ರಿ."

"ಅಮ್ಮಾ, ಅಪ್ಪ ಕಳ್ಳತನಕ್ಕೆ ಇಳಿದಿದ್ದಾರೆ, ಬೆರಳಚ್ಚು ಬೀಳಬಾರದಲ್ಲ," ಎಂದಳು ಮಗಳು. ಹತ್ತೊಂಬತ್ತರ ಈ ಹುಡುಗಿ ಕೊರಿಯರ್ ಆಫೀಸಿನ ಕೌಂಟರಿನಲ್ಲಿ ಪಾರ್ಸೆಲ್ ತೂಗುವವಳು. ಕುಳಿತಲ್ಲಿ ಕೂರದ, ಬಾಯಿಗೆ ಬಂದದ್ದನ್ನು ತಡೆಯದ ಅವಳನ್ನು ತಾತ ಚಿಕ್ಕಂದಿನಲ್ಲೇ ಚಿನಕುರುಳಿ ಎಂದು ಕರೆದಿದ್ದ. ಹೆಸರು ಹಾಗೇ ಉಳಿದಿತ್ತು.

ಗಡಿಯಾರದವನು ನಗಲಿಲ್ಲ. ಗ್ಲೌಸನ್ನು ಮಡಿಸಿ ಜೇಬಿಗೆ ಹಾಕಿಕೊಂಡು ಆಲೂಗಡ್ಡೆ ಸುಲಿಯತೊಡಗಿದ. ತಾತ ಮಗನ ಮುಖವನ್ನೊಮ್ಮೆ, ಸೊಸೆಯ ಮುಖವನ್ನೊಮ್ಮೆ ನೋಡಿ ತನ್ನ ತಟ್ಟೆಗೆ ತಲೆ ಬಗ್ಗಿಸಿದ.

ಆ ಮನೆಗೆ ಅಗಲ ಕಡಿಮೆ, ಎತ್ತರ ಜಾಸ್ತಿ. ಕೆಳಗೆ ಅಡುಗೆಮನೆ, ಊಟದ ಮೇಜು, ಕಿಟಕಿಯ ಪಕ್ಕ ತಾತನ ಮಂಚ. ಮೇಲೆ ಎರಡು ಕೋಣೆ, ಬಚ್ಚಲು, ಕಕ್ಕಸು. ನಡುವೆ ಹದಿನಾಲ್ಕು ಮೆಟ್ಟಿಲು. ಮನುಷ್ಯರಿಗೆ ವಯಸ್ಸಾಗುತ್ತದೆ ಎಂಬುದು ಕಟ್ಟಿಸಿದ ಪುಣ್ಯಾತ್ಮನಿಗೆ ಹೊಳೆದಿರಲಿಲ್ಲ. ತಾತನಿಗೆ ಎಪ್ಪತ್ತೆಂಟು. ಎರಡು ತಿಂಗಳ ಹಿಂದೆ ಆರನೆಯ ಮೆಟ್ಟಿಲಿನಿಂದ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದ. ಪಟ್ಟಿ ಬಿಚ್ಚಿದ ಮೇಲೂ ಬಲಗೈ ನಡುಗುವುದು ನಿಂತಿರಲಿಲ್ಲ. ಅಂದಿನಿಂದ ಸಂಜೆಯಾದರೆ ನೀರು ಕುಡಿಯುವುದನ್ನೇ ಬಿಟ್ಟಿದ್ದ. ಮಂಚದ ಪಕ್ಕದ ಲೋಟ ಬೆಳಗಾದರೂ ತುಂಬಿಯೇ ಇರುವುದನ್ನು ಕಂಡು ಸೊಸೆಗೆ ವಿಷಯ ತಿಳಿಯಿತು. ಅವಳು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ನೀರು ಕುಡಿಯದ ಮುದುಕರ ರಕ್ತ ಹೇಗಿರುತ್ತದೆಂದು ಬಲ್ಲವಳು.

ಗಂಡ ಹೆಂಡತಿ ನಾಲ್ಕು ವರ್ಷದಿಂದ ಉಳಿಸಿದ ಒಂದು ಲಕ್ಷ ನಲವತ್ತು ಸಾವಿರ ಬ್ಯಾಂಕಿನಲ್ಲಿತ್ತು. ಅಡುಗೆಮನೆಯ ಹಿಂದಿನ ಸಾಮಾನು ಕೋಣೆಯನ್ನೇ ಬಚ್ಚಲು, ಕಕ್ಕಸು ಮಾಡಿಸುವುದೆಂದು ಅವಳು ತೀರ್ಮಾನ ಮಾಡಿ, ಅಳತೆಗೆ ನಲ್ಲಿ ಕೆಲಸದವನನ್ನು ಕರೆಸಿದಳು.

ನಲ್ಲಿಯವನು ಐವತ್ತೆಂಟರ ಗುಂಡು ಮನುಷ್ಯ. ಟೇಪು ಹಿಡಿದು ಗೋಡೆ ಅಳೆದ, ನೆಲಕ್ಕೆ ಕಿವಿಯಿಟ್ಟು ಹಳೆಯ ಪೈಪು ಎಲ್ಲಿ ಹೋಗಿದೆಯೆಂದು ಹುಡುಕಿದ, ಎದ್ದು ಮಂಡಿ ಒರೆಸಿಕೊಳ್ಳುವಾಗ ಮೇಜಿನ ಮೇಲಿದ್ದ ಒಂದು ಹಾಳೆ ಅವನ ಕಣ್ಣಿಗೆ ಬಿತ್ತು. ಹಳೆಯ ಫುಟ್‌ಬಾಲ್ ಕಾರ್ಡುಗಳ ಬೆಲೆಪಟ್ಟಿ. ಐವತ್ತು ವರ್ಷದ ಹಿಂದೆ ಪೆಪ್ಪರಮಿಂಟಿನ ಪೊಟ್ಟಣದೊಳಗೆ ಒಂದೊಂದು ಬರುತ್ತಿತ್ತಲ್ಲ, ಆ ನಲವತ್ತೆಂಟು ಆಟಗಾರರ ಕಾರ್ಡು.

"ಇದ್ಯಾರದು?" ಎಂದವನ ದನಿಯೇ ಬದಲಾಗಿತ್ತು. "ನನ್ನ ಹತ್ರ ನಲವತ್ತೇಳಿದೆ. ಒಂದು ಬಾಕಿ. ಗೋಲ್‌ಕೀಪರ್, ಇಪ್ಪತ್ತೊಂಬತ್ತನೇ ನಂಬರ್. ಎಂಟನೇ ವಯಸ್ಸಿಂದ ಹುಡುಕ್ತಿದ್ದೀನಿ. ಅವನಿಗೋಸ್ಕರ ಪೆಪ್ಪರಮಿಂಟು ತಿಂದು ತಿಂದು ಎರಡು ದವಡೆ ಹಲ್ಲು ಹೋಯ್ತು."

ಊಟಕ್ಕೆ ಬಂದಿದ್ದ ಗಡಿಯಾರದವನು ಸರಕ್ಕನೆ ಹಾಳೆ ಎಳೆದುಕೊಂಡ. "ನಿಮ್ಮನ್ನ ಯಾರು ಕಳಿಸಿದ್ದು?"

"ಇವರೇ ಫೋನ್ ಮಾಡಿದ್ರು, ಕಕ್ಕಸ್ಸಿಗೆ."

"ಅದಲ್ಲ. ಕಾರ್ಡಿನ ವಿಷಯಕ್ಕೆ ಯಾರು ಕಳಿಸಿದ್ದು?"

ನಲ್ಲಿಯವನು ಕಕ್ಕಾಬಿಕ್ಕಿಯಾದ. ಸೊಸೆ ಗಂಡನನ್ನೇ ನೋಡುತ್ತಿದ್ದಳು. ಗ್ಲೌಸು, ಸೋಪು, ಟವೆಲ್ಲು ಒಂದೊಂದಾಗಿ ಅವಳ ತಲೆಯಲ್ಲಿ ಸುಳಿದವು, ಒಂದಕ್ಕೊಂದು ಜೋಡಣೆ ಮಾತ್ರ ಆಗಲಿಲ್ಲ.

ಮರುದಿನ ಮುಂಗಡ ಕೊಡಲೆಂದು ಅವಳು ಬ್ಯಾಂಕಿಗೆ ಹೋದಳು. ಖಾತೆಯಲ್ಲಿ ಮೂವತ್ತು ಸಾವಿರ ಮಾತ್ರ ಇತ್ತು.

ಆ ದಿನ ಮಧ್ಯಾಹ್ನ ಒಲೆ ಹಚ್ಚಲಿಲ್ಲ. ಬ್ರೆಡ್ಡಿನ ಪ್ಯಾಕೆಟ್ಟನ್ನು ಬಿಚ್ಚದೆಯೇ ಮೇಜಿನ ಮೇಲೆ ಒಗೆದು ಅವಳು ಎದುರು ಕುಳಿತಳು. "ಯಾರವಳು?"

"ಅವಳೂ ಇಲ್ಲ, ಇವಳೂ ಇಲ್ಲ," ಎಂದು ಗಡಿಯಾರದವನು ಎದ್ದು ಕೈ ತೊಳೆದು ಬಂದ. ಗ್ಲೌಸು ಹಾಕಿಕೊಂಡ. ಗಟ್ಟಿ ಪ್ಲಾಸ್ಟಿಕ್ಕಿನ ಡಬ್ಬಿಯಿಂದ ಒಂದು ಕಾರ್ಡು ತೆಗೆದು ಬಟ್ಟೆಯ ಮೇಲಿಟ್ಟ. ಹಸಿರು ಅಂಗಿಯ ಗೋಲ್‌ಕೀಪರ್ ಚೆಂಡಿಗೆ ಹಾರಿದ್ದ. ಕಾರ್ಡಿನ ಬಲಮೂಲೆಯಲ್ಲಿ ಒಂದು ತ್ರಿಕೋನದ ಕಾಗದ ಅಂಚು ದಾಟಿ ಹೊರಗೆ ಚಾಚಿಕೊಂಡಿತ್ತು.

"ನೋಡೇ, ಇಂಥದ್ದು ಇಡೀ ಪ್ರಪಂಚದಲ್ಲಿ ಮೂರೇ ಇರೋದು. ಕಿವಿ ಕಾರ್ಡು ಅಂತಾರೆ. ಈ ವರ್ಷವೇ ಮೊದಲನೇದು ನಲವತ್ತು ಸಾವಿರಕ್ಕೆ ಹೋಯ್ತು, ಎರಡನೇದು ಅರವತ್ತೈದಕ್ಕೆ, ಮೂರನೇದು ತೊಂಬತ್ತಕ್ಕೆ. ಎಲ್ಲಾ ಕಾರ್ಡು ಕೂಡಿಸೋರ ಫೋನ್ ಗ್ರೂಪಲ್ಲಿ ಫೋಟೋ ಸಮೇತ ಇದೆ. ನನಗೆ ಒಂದು ಲಕ್ಷ ಹತ್ತಕ್ಕೆ ಸಿಕ್ತು."

"ತೊಂಬತ್ತಕ್ಕೆ ಹೋಗಿದ್ದು ನಿಮಗೆ ಲಕ್ಷದ ಹತ್ತಕ್ಕೆ ಸಿಕ್ತಾ? ಎಂಥಾ ಅದೃಷ್ಟ ರೀ ನಿಮ್ಮದು!"

"ವರ್ಷ ಕಳೆಯೋದ್ರೊಳಗೆ ಎರಡು ಲಕ್ಷ ಆಗುತ್ತೆ. ಕೋಟಿನವನು ಲೆಕ್ಕ ಹಾಕಿ ತೋರಿಸಿದ. ಗಡಿಯಾರ ಯಾರೇ ಕಟ್ತಾರೆ ಈಗ? ವಾರಕ್ಕೆ ನಾಲ್ಕು ಸೆಲ್ಲು ಬದಲಾಯಿಸಿ ಸಂಸಾರ ನಡೆಸೋಕಾಗುತ್ತಾ?"

ಕೋಟಿನವನೆಂದರೆ ಅವನ ಅಂಗಡಿಗೆ ಗಡಿಯಾರದ ಪಟ್ಟಿ ಬದಲಾಯಿಸಲು ಬಂದು, ಎರಡು ಗಂಟೆ ಕುಳಿತು, ಪಟ್ಟಿಯನ್ನು ಮರೆತು ಎದ್ದುಹೋಗಿದ್ದ ಮನುಷ್ಯ. ಎಂಥ ಸೆಕೆಯಲ್ಲೂ ಕೋಟು ಬಿಚ್ಚುವವನಲ್ಲ. ಶನಿವಾರಗಳಲ್ಲಿ ಬೇಕರಿಯ ಮೇಲಿನ ಹಾಲಿನಲ್ಲಿ ಕಾರ್ಡು ಕೂಡಿಸುವವರ ಸಭೆ ನಡೆಸುತ್ತಿದ್ದ. ಈ ಕಾರ್ಡು ಮಾರಿದವನೂ ಅವನೇ.

ಗಂಡ ಹೆಂಡತಿಯ ಮಾತು ಮಾತಿಗೆ ಹತ್ತಿಕೊಂಡಿತು. ಕೊನೆಗೆ ಅವಳು, "ಮಾವ ನೀರು ಕುಡಿಯೋದು ಬಿಟ್ಟಿದ್ದಾರೆ, ಗೊತ್ತಾ ನಿಮಗೆ?" ಎಂದು ಕೇಳಿದಾಗ ಗಡಿಯಾರದವನು ಮಂಚದ ಕಡೆ ತಿರುಗಿ ನೋಡಿದ. ಅವನಿಗೆ ಗೊತ್ತಿರಲಿಲ್ಲ.

ಅಷ್ಟು ಹೊತ್ತೂ ಸುಮ್ಮನಿದ್ದ ತಾತ ಮಂಚದಿಂದೆದ್ದು ಬಂದು ಕಾರ್ಡಿನ ಮೇಲೆ ಬಗ್ಗಿದ. ಮೂವತ್ತು ವರ್ಷ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕಟಿಂಗ್ ಮೆಷಿನ್ ನಡೆಸಿದವನು ಅವನು. ಆ ಕಾರ್ಡುಗಳನ್ನು ಕತ್ತರಿಸಿದ್ದು ಅವನೇ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಆದರೆ ಅವನ ಮುಖ ಈಗ ಬಿಳಿಚಿಕೊಂಡದ್ದು ಏಕೆಂದು ಯಾರಿಗೂ ಗೊತ್ತಾಗಲಿಲ್ಲ.

"ಹಿಂದೆ ತಿರುಗಿಸು. ಕೆಂಪು ಪೆನ್ಸಿಲಿನ ಗೀಟಿರಬೇಕು."

ಮಗ ತಿರುಗಿಸಿದ. ಗೀಟಿತ್ತು.

"ಇದು ಮೂರಿಲ್ಲ ಕಣೋ," ಎಂದ ತಾತ. "ಒಂದೇ."

ಚಿನಕುರುಳಿ ತಾತನಿಗೆ ಕುರ್ಚಿ ಎಳೆದುಕೊಟ್ಟಳು. ಅವನು ಕುಳಿತು, ನಡುಗುವ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಹೇಳಿದ. "ಇನ್ನೂರು ಹಾಳೆ ಒಂದರ ಮೇಲೊಂದು ಜೋಡಿಸಿ, ಒತ್ತಿ, ಒಂದೇ ಏಟಿಗೆ ಕತ್ತರಿಸೋದು. ಮೂಲೆಗಳನ್ನ ಬೆರಳಲ್ಲಿ ತಟ್ಟಿ ನೋಡಬೇಕು, ಮಡಿಕೆ ಇದೆಯೋ ಏನೋ ಅಂತ. ಅವತ್ತು ನಾನು ನೋಡಲಿಲ್ಲ. ಒಂದು ಹಾಳೆ ಮೂಲೆ ಮಡಿಚಿಕೊಂಡಿತ್ತು. ಅದರಿಂದ ಮೇಲಿನದೆಲ್ಲಾ ಸೊಟ್ಟಗೆ ಹೋಯ್ತು. ಮಡಿಚಿದ ಮೂಲೆ ಬಿಚ್ಚಿದಾಗ ಹೀಗೆ ಕಿವಿ ಬಂತು. ಹಾಳೆಗೆ ಒಬ್ಬನೇ ಗೋಲ್‌ಕೀಪರ್, ಅವನು ಇದ್ದದ್ದೂ ಮೂಲೇಲೇ. ಮ್ಯಾನೇಜರ್ ಬಂದ, ಇದಕ್ಕೆ ಗೀಟು ಹಾಕಿದ, ಉಳಿದಿದ್ದನ್ನ ಅವನೆದುರಿಗೇ ಬಾಯ್ಲರಿಗೆ ಹಾಕಿದ್ವಿ. 'ಯಾರು ಜೋಡಿಸಿದ್ದು?' ಅಂತ ಕೇಳಿದ."

"ನೀನು ಏನಂದೆ ತಾತ?"

"ಸುಮ್ಮನಿದ್ದೆ. ನನ್ನ ಜೊತೆ ಇನ್ನೊಬ್ಬ ಕೆಲಸ ಮಾಡ್ತಿದ್ದ. ಒಂದೇ ಡಬ್ಬೀಲಿ ಊಟ ಮಾಡ್ತಿದ್ವಿ. ಅವನು ಹಿಂದಿನ ವಾರ ತಾನೇ ಒಂದು ತಪ್ಪು ಮಾಡಿದ್ದ, ಮ್ಯಾನೇಜರ್ ಅವನ ಕಡೆ ನೋಡಿದ. ಅವನೂ ಸುಮ್ಮನಿದ್ದ. ಅವತ್ತೇ ಅವನನ್ನ ಕೆಲಸದಿಂದ ತೆಗೆದು ಮನೆಗೆ ಕಳಿಸಿದ್ರು. ಹೋಗುವಾಗ ಈ ಕಾರ್ಡನ್ನ ಜೇಬಿಗೆ ಹಾಕ್ಕೊಂಡು, ನನ್ನ ಕಡೆ ನೋಡಿ, ನಕ್ಕ. ಬೈದಿದ್ರೆ ಚೆನ್ನಾಗಿತ್ತು."

ಆಮೇಲೆ ಗಡಿಯಾರದವನು ಬಾಯಿ ಬಿಟ್ಟ. ಬಿಡಬಾರದಾಗಿತ್ತು.

"ಚೆನ್ನಾಗಿ ಕಟ್ಟಿದ್ದೀಯ ಕಥೆ. ನಿನಗೆ ಕಕ್ಕಸು ಬೇಕು, ಅದಕ್ಕೆ ಈ ಕಾರ್ಡು ಸುಳ್ಳಾಗಬೇಕು. ಅಷ್ಟೇ ತಾನೆ?"

ತಾತ ಎದ್ದು ಹೋಗಿ ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿಕೊಂಡ.

ಆಮೇಲಿನ ಹತ್ತು ದಿನ ಆ ಮನೆಯಲ್ಲಿ ಎಲ್ಲರೂ ಎಲ್ಲರ ಮೇಲೂ ಕಣ್ಣಿಟ್ಟಿದ್ದರು. ಸೊಸೆ ಗಂಡನ ಫೋನು ನೋಡುತ್ತಿದ್ದಳು. ಗಂಡ ಡಬ್ಬಿಯನ್ನು ದಿನಕ್ಕೊಂದು ಜಾಗಕ್ಕೆ ಬದಲಾಯಿಸುತ್ತಿದ್ದ. ಅಕ್ಕಿಯ ಡಬ್ಬದಲ್ಲಿ ಅದು ಸಿಕ್ಕಿದ ದಿನ ಅವಳು ಅದನ್ನು ತೆಗೆದು ಅವನ ತಟ್ಟೆಯಲ್ಲಿಟ್ಟು, "ಇವತ್ತು ಇದನ್ನೇ ತಿನ್ನಿ," ಎಂದಳು. ತಾತ ಮಗನ ಜೊತೆ ಮಾತು ಬಿಟ್ಟಿದ್ದ. ಉಪ್ಪು ಬೇಕಾದರೆ ಮೊಮ್ಮಗಳಿಗೆ ಹೇಳುತ್ತಿದ್ದ, ಅವಳು ಪಕ್ಕದಲ್ಲೇ ಕುಳಿತ ಅಪ್ಪನಿಗೆ ಹೇಳುತ್ತಿದ್ದಳು.

ಈ ನಡುವೆ ಗಡಿಯಾರದವನು ಗುಟ್ಟಾಗಿ ನಲ್ಲಿಯವನನ್ನು ಅಂಗಡಿಗೆ ಕರೆಸಿ ಕಾರ್ಡು ತೋರಿಸಿದ. "ಒಂದು ಲಕ್ಷ ನಲವತ್ತು. ನೀವು ಅಂತ ಹೇಳ್ತಿದ್ದೀನಿ."

ನಲ್ಲಿಯವನು ಬಹಳ ಹೊತ್ತು ನೋಡಿದ. ಅವನ ಕಣ್ಣಲ್ಲಿ ನೀರು ಬಂದಿತ್ತು. ಆಮೇಲೆ ತಲೆಯಾಡಿಸಿದ. "ಮೂಲೆಯಲ್ಲಿ ಇದೇನೋ ಚಾಚಿದೆಯಲ್ಲ. ನನ್ನ ಆಲ್ಬಮ್ಮಿನ ಜೇಬಲ್ಲಿ ಇದು ಕೂರಲ್ಲ. ಮಾಮೂಲಿ ಅಳತೇದು ಸಿಕ್ಕಿದ್ರೆ ಹೇಳಿ, ಎಂಟು ಸಾವಿರ ಕೊಡ್ತೀನಿ. ಅಷ್ಟು ಎತ್ತಿಟ್ಟಿದ್ದೀನಿ."

ಈ ಮನುಷ್ಯ ಭಾರಿ ಪಾಕಡಾ, ಬೆಲೆ ಇಳಿಸೋಕೆ ನಾಟಕ ಆಡುತ್ತಾನೆ ಎಂದುಕೊಂಡ ಗಡಿಯಾರದವನು. ಕೋಟಿನವನ ಮಾತನ್ನು ಕಣ್ಣುಮುಚ್ಚಿ ನಂಬಿದವನಿಗೆ ಈ ಕಣ್ಣೀರಿನ ಮೇಲೆ ಅನುಮಾನ ಬಂದಿತ್ತು.

ಗುಟ್ಟು ಒಡೆದದ್ದು ಚಿನಕುರುಳಿಯ ಕೌಂಟರಿನಲ್ಲಿ. ಒಂದು ಸಂಜೆ ಅವಳು ಚಪ್ಪಲಿ ಬಿಡುವ ಮುಂಚೆಯೇ ಶುರು ಮಾಡಿದಳು.

"ಅಪ್ಪಾ, ನಿಮ್ಮ ಕೋಟಿನವನು ಇವತ್ತು ಪಾರ್ಸೆಲ್ ತಂದಿದ್ದ. ಕಾರ್ಡು ಅಂತ ಬರೆಸಿದ. ಹೋದ ವಾರ ಒಬ್ಬ ಬೋಳುತಲೆಯವನು ಅಷ್ಟೇ ತೂಕದ್ದು ಇವನಿಗೆ ಕಳಿಸಿದ್ದ. ಅದರ ಹಿಂದಿನ ವಾರ ಒಬ್ಬ ಮೆಳ್ಳಗಣ್ಣಿನವನು ಆ ಬೋಳುತಲೆಗೆ. ನಾನು ಕೂತ ಮೇಲೆ ಏಳು ತಿಂಗಳಿಂದ ಹೀಗೇ. ಈ ಮೂವರನ್ನ ಬಿಟ್ಟು ನಾಲ್ಕನೆಯವನು ಕಾರ್ಡು ಕಳಿಸಿಲ್ಲ, ತಗೊಂಡಿಲ್ಲ. ಕಳಿಸೋರೂ ಅವರೇ, ತಗೊಳ್ಳೋರೂ ಅವರೇ!"

"ಅವರು ಹಳೇ ಸ್ನೇಹಿತರು," ಎಂದ ಗಡಿಯಾರದವನು. ಹೇಳುವಾಗಲೇ ಅವನಿಗೆ ಗ್ರೂಪಿನ ಮೂರು ಫೋಟೋಗಳು ನೆನಪಾದವು. ನಲವತ್ತಕ್ಕೆ ಕೊಂಡವನು ಬೋಳುತಲೆ. ಅರವತ್ತೈದಕ್ಕೆ ಮೆಳ್ಳಗಣ್ಣು. ತೊಂಬತ್ತಕ್ಕೆ ಕೋಟು.

ಶನಿವಾರ ಅವನು ಬೇಕರಿಯ ಮೇಲಿನ ಹಾಲಿಗೆ ಹೋಗಿ ಕೋಟಿನವನನ್ನು ಕಿಟಕಿಯ ಬಳಿಗೆ ಕರೆದ. ಕೆಳಗಿನಿಂದ ಬಿಸಿ ಬನ್ನಿನ ವಾಸನೆ ಬರುತ್ತಿತ್ತು.

"ಮೂರು ಕಾರ್ಡೂ ಒಂದೇ ತಾನೆ?"

ಕೋಟಿನವನು ಗಲಿಬಿಲಿಯಾಗಲಿಲ್ಲ. "ಒಂದಾದ್ರೇನು ಮೂರಾದ್ರೇನು? ಬೆಲೆ ಏರಿದ್ದು ಎಲ್ಲರಿಗೂ ಕಾಣ್ತಲ್ಲ."

"ಹಾಗಾದ್ರೆ ನಿಜವಾಗಿ ಬೇಕು ಅಂತ ಬಂದವನು ಒಬ್ಬನೂ ಇಲ್ವಾ?"

"ನೀನು ಬಂದೆಯಲ್ಲ!" ಎಂದು ಕೋಟಿನವನು ಪ್ರೀತಿಯಿಂದಲೇ ಅವನ ಬೆನ್ನು ತಟ್ಟಿದ. "ಮುಖ ಸಣ್ಣ ಮಾಡ್ಕೋಬೇಡ. ಈಗ ನೀನೂ ನಮ್ಮವನೇ. ಬರೋ ಶನಿವಾರ ಹನ್ನೊಂದು ಗಂಟೆಗೆ ಒಬ್ಬರು ಮೇಷ್ಟ್ರು ಬರ್ತಾರೆ. ರಿಟೈರಾಗಿ ಎರಡು ತಿಂಗಳು, ಕೈಯಲ್ಲಿ ಇಡುಗಂಟಿದೆ. ನೀನು ಕಾರ್ಡು ಇಡು. ನಾವು ಮೂವರೂ ಬೆಲೆ ಕೂಗ್ತೀವಿ. ಒಂದೂ ಮುಕ್ಕಾಲು ಲಕ್ಷಕ್ಕೆ ಮೇಷ್ಟ್ರ ಕೈಗೆ ಬಿಡ್ತೀವಿ. ನಿನ್ನ ದುಡ್ಡು ನಿನಗೆ, ಮೇಲಿನದು ನಾಲ್ಕು ಪಾಲು."

ಗಡಿಯಾರದವನು ಆಗಲಿ ಎನ್ನಲಿಲ್ಲ. ಬೇಡ ಎಂದೂ ಅನ್ನಲಿಲ್ಲ.

ಆ ವಾರವೆಲ್ಲ ಅವನು ಮನೆಯಲ್ಲಿ ಅತಿ ಒಳ್ಳೆಯವನಾಗಿದ್ದ. ಪಾತ್ರೆ ತೊಳೆದ, ಹಿತ್ತಲ ಬಾಗಿಲಿನ ಕೀಲಿಗೆ ಎಣ್ಣೆ ಬಿಟ್ಟ. ಶುಕ್ರವಾರ ಊಟ ಮಾಡುತ್ತಾ, "ಬಚ್ಚಲ ಕೆಲಸ ಶುರು ಮಾಡಿಸೋಣ. ನಲ್ಲಿಯವನಿಗೆ ನಾಳೆ ಬೆಳಿಗ್ಗೆ ಬಾ ಅಂದಿದ್ದೀನಿ," ಎಂದ.

"ದುಡ್ಡು?" ಎಂದಳು ಹೆಂಡತಿ.

"ಬರುತ್ತೆ."

"ಯಾರಿಂದ?"

"ಬರುತ್ತೆ ಅಂದೆನಲ್ಲ."

"ಬರುತ್ತೆ ಅಂತ ಆಗ್ಲೇ ಕೇಳಿಸ್ತು. ಯಾರಿಂದ ಅಂತ ಕೇಳ್ತಿದ್ದೀನಿ."

ಅವಳು ಚಮಚ ಕೆಳಗಿಡಲಿಲ್ಲ, ದನಿ ಏರಿಸಲಿಲ್ಲ. ಹಾಗೇ ಕೇಳುತ್ತಾ ಹೋದಳು. ಗಡಿಯಾರದವನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ, ಮುಚ್ಚಿಡುವುದಷ್ಟೇ ಗೊತ್ತಿತ್ತು. ತಟ್ಟೆ ಖಾಲಿಯಾಗುವುದರೊಳಗೆ ಮೇಷ್ಟರ ವಿಷಯ ಹೊರಬಿದ್ದಿತ್ತು.

"ನನಗೆ ಟೋಪಿ ಹಾಕಿದ್ರು. ಅದನ್ನ ಹಿಂದಕ್ಕೆ ತಗೊಳ್ಳೋದು ತಪ್ಪಾ?" ಎಂದು ಅವನು ಕಿರುಚಿದ. "ಅಪ್ಪನಿಗೋಸ್ಕರ ತಾನೆ!"

ಎರಡು ವಾರಕ್ಕೂ ಮಿಕ್ಕಿದ ಮೇಲೆ ತಾತ ಮಗನ ಜೊತೆ ನೇರವಾಗಿ ಮಾತಾಡಿದ.

"ಒಬ್ಬನ ಕೂಳು ಕಿತ್ಕೊಂಡು ಐವತ್ತು ವರ್ಷ ಉಂಡಿದ್ದೀನಿ ಕಣೋ. ಅವನು ಸತ್ತು ಹನ್ನೊಂದು ವರ್ಷ ಆಯ್ತು, ನಾನು ಅವನಿಗೆ ಒಂದು ಮಾತೂ ಹೇಳಲಿಲ್ಲ. ಈಗ ಇನ್ನೊಬ್ಬನ ದುಡ್ಡಲ್ಲಿ ಕಟ್ಟಿದ ಕಕ್ಕಸ್ಸಿನಲ್ಲಿ ನನ್ನ ಕೈಲಿ ಕೂರೋಕಾಗಲ್ಲ. ಬರೋದೂ ಇಲ್ಲ."

ಕೊನೆಯ ಮಾತಿಗೆ ಚಿನಕುರುಳಿಗೆ ನಗು ಬಂತು. ಅಮ್ಮ ಕಣ್ಣು ಬಿಟ್ಟದ್ದರಿಂದ ನುಂಗಿಕೊಂಡಳು.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ನಲ್ಲಿಯವನು ಬಂದ. ಚಿನಕುರುಳಿ ಹಿಂದೊಮ್ಮೆ ಕೇಳಿದ್ದಳೆಂದು ಕಂಕುಳಲ್ಲಿ ಆಲ್ಬಮ್ ತಂದಿದ್ದ. ಮೇಜಿನ ಮೇಲೆ ಬಿಡಿಸಿದ. ನಲವತ್ತೇಳು ಜನ ಜೇಬುಗಳಲ್ಲಿ ಕೂತಿದ್ದರು. ಒಂದು ಜೇಬು ಖಾಲಿ. ಅದರ ಪ್ಲಾಸ್ಟಿಕ್ಕು ಬೆರಳಾಡಿಸಿ ಆಡಿಸಿ ಮಬ್ಬಾಗಿತ್ತು.

ಗಡಿಯಾರದವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಡಬ್ಬಿ ಹಿಡಿದು ಹೊರಟು ನಿಂತಿದ್ದ. ಆ ಖಾಲಿ ಜೇಬನ್ನು ಅವನೂ ನೋಡಿದ.

"ಕೊಡಿಲ್ಲಿ, ಒಂದು ಸಲ ನೋಡ್ತೀನಿ," ಎಂದ ತಾತ. ಮಗ ಹಿಂದೆ ಮುಂದೆ ನೋಡಿ ಡಬ್ಬಿ ಕೊಟ್ಟ. ತಾತ ಗ್ಲೌಸು ಕೇಳಲಿಲ್ಲ. ಕಾರ್ಡನ್ನು ಬರಿಗೈಯಲ್ಲಿ ತೆಗೆದು ಮೇಜಿನ ಮೇಲಿಟ್ಟು, ಅಂಚಿಗೆ ಸರಿಯಾಗಿ ಸ್ಟೀಲಿನ ಸ್ಕೇಲಿಟ್ಟ. ದಿಂಬಿನ ಕೆಳಗಿಂದ ಆಗಲೇ ತಂದಿಟ್ಟುಕೊಂಡಿದ್ದ ಬ್ಲೇಡನ್ನು ಆಗ ಎಲ್ಲರೂ ಕಂಡರು.

"ಅಪ್ಪಾ!"

"ಅವತ್ತೇ ಕತ್ತರಿಸಬೇಕಾಗಿತ್ತು. ನನ್ನ ಕೆಲಸ, ಬಾಕಿ ಉಳಿದಿತ್ತು," ಎಂದ ತಾತ. ಆದರೆ ಬಲಗೈ ಮಾತು ಕೇಳಲಿಲ್ಲ. ಬ್ಲೇಡು ಸ್ಕೇಲಿಗೆ ತಗುಲಿ ಕಟಕಟ ಎಂದಿತು. ಒಂದು ಸಲ, ಎರಡು ಸಲ. ಗೋಲ್‌ಕೀಪರನ ಮುಖದ ಹತ್ತಿರ ಬಂದು ನಿಂತಿತು.

ಸೊಸೆ ಗಂಡನನ್ನೇ ನೋಡುತ್ತಿದ್ದಳು. ಈಗ ಕಾರ್ಡು ಕಿತ್ತುಕೊಂಡು ಓಡುತ್ತಾನೆ ಎಂದುಕೊಂಡಳು. ಬಾಗಿಲಿಗೆ ಅಡ್ಡ ನಿಲ್ಲಲು ಒಂದು ಹೆಜ್ಜೆ ಇಟ್ಟೂ ಇಟ್ಟಳು.

ಗಡಿಯಾರದವನು ಕೈ ಚಾಚಿದ. "ನಿನ್ನ ಕೈ ನಡುಗ್ತಿದೆ ಅಪ್ಪ. ಬಿಡು, ನಾನು ಮಾಡ್ತೀನಿ."

ಕೂದಲೆಳೆಯಂಥ ಸ್ಪ್ರಿಂಗ್ ಜೋಡಿಸುವ ಕೈ ಅದು. ಸ್ಕೇಲು ಒತ್ತಿದ, ಉಸಿರು ಹಿಡಿದ, ಎಳೆದ. ಕಿವಿ ಸದ್ದಿಲ್ಲದೆ ಬೇರೆಯಾಯಿತು. ಒಂದು ಲಕ್ಷ ಎರಡು ಸಾವಿರದ ಆ ಕಾಗದದ ಚೂರು ಫ್ಯಾನಿನ ಗಾಳಿಗೆ ಮೇಜಿನಿಂದ ಹಾರಿ ಸಕ್ಕರೆ ಡಬ್ಬದ ಮೇಲೆ ಕೂತಿತು.

ನಲ್ಲಿಯವನಿಗೆ ಏನಾಗುತ್ತಿದೆಯೆಂದು ಅರ್ಥವಾಗಲಿಲ್ಲ. ಕಾರ್ಡನ್ನು ಕೈಗಿಟ್ಟಾಗ ಎರಡು ಬೆರಳಲ್ಲಿ ಹಿಡಿದು ಜೇಬಿಗೆ ಇಳಿಸಿದ. ಇಳಿಯಿತು. ಅವನು ಆಲ್ಬಮ್ಮು ಮುಚ್ಚಿ ಅದರ ಮೇಲೆ ಕೈಯಿಟ್ಟುಕೊಂಡ. ಆಮೇಲೆ ಎಂಟು ಸಾವಿರ ಎಣಿಸಿ ಕೊಟ್ಟ.

"ನಾಳೆ ಇದನ್ನೇ ಬೇರೆಯವರಿಗೆ ಮಾರಿಬಿಡಲ್ಲ ತಾನೆ?" ಎಂದು ಸೊಸೆ ಕೇಳಿಯೇ ಬಿಟ್ಟಳು.

"ಯಾರಾದ್ರೂ ಕೇಳ್ಕೊಂಡು ಬಂದ್ರೆ ನಾನು ಮನೇಲಿಲ್ಲ ಅಂತ ಹೇಳಿಬಿಡಿ," ಎಂದ ನಲ್ಲಿಯವನು.

ಹನ್ನೊಂದು ಹೊಡೆಯುವ ಮುಂಚೆ ಗಡಿಯಾರದವನ ಫೋನು ಬಡಿದುಕೊಂಡಿತು. ಎಲ್ಲರೂ ಕೇಳಲೆಂದು ಅವನು ಸ್ಪೀಕರಿಗೆ ಹಾಕಿದ.

"ಎಲ್ಲಿದ್ದೀಯ? ಮೇಷ್ಟ್ರು ಬಂದು ಕೂತಿದ್ದಾರೆ," ಎಂದಿತು ಕೋಟಿನವನ ದನಿ.

"ಕಾರ್ಡು ಮಾರಿಬಿಟ್ಟೆ."

"ಎಷ್ಟಕ್ಕೆ?"

"ಎಂಟು ಸಾವಿರಕ್ಕೆ."

"ಹುಚ್ಚು ಹಿಡೀತಾ? ಆಯ್ತು, ಗ್ರೂಪಲ್ಲಿ ಮಾತ್ರ ಹಾಕಬೇಡ."

"ಹಾಕಿ ಆಯ್ತು. ಫೋಟೋ ಸಮೇತ. ಕಿವಿ ಕತ್ತರಿಸಿದ್ದು, ನಿಮ್ಮ ಮೂವರ ಹೆಸರು, ಎಲ್ಲಾನೂ. ಮೇಷ್ಟ್ರಿಗೂ ತೋರಿಸಿ."

ಉಳಿದ ಮೂವತ್ತಕ್ಕೆ ಎಂಟು ಸೇರಿಸಿದರೆ ಪೈಪು, ಕಮೋಡು ಬರುತ್ತಿತ್ತು. ಗೋಡೆಗೆ ಟೈಲ್ಸಿಲ್ಲ, ಬಾಗಿಲಿನ ಬದಲು ಪರದೆ. ಸೊಸೆ ಕಾಗದದ ಮೇಲೆ ಹೀಗೆ ಲೆಕ್ಕ ಹಾಕಿ, ಇನ್ನು ಮೇಲೆ ಬ್ಯಾಂಕಿನ ಪಾಸ್‌ಬುಕ್ಕು ತನ್ನ ಲ್ಯಾಬಿನ ಬೀರುವಿನಲ್ಲಿರುತ್ತದೆಂದು ಹೇಳಿದಳು. ಗಂಡ ಸರಿ ಎಂದ. ಅವಳಿಗೆ ಅವನ ಮೇಲಿನ ಸಿಟ್ಟು ಇಳಿದಿರಲಿಲ್ಲ. ಆದರೂ ಎರಡು ಮೊಟ್ಟೆ ಹೆಚ್ಚಿಗೆ ಬೇಯಿಸಿದಳು.

ಊಟವಾದ ಮೇಲೆ ತಾತ ಸಕ್ಕರೆ ಡಬ್ಬದ ಮೇಲಿದ್ದ ಕಾಗದದ ಚೂರನ್ನು ತನ್ನ ಕನ್ನಡಕದ ಡಬ್ಬಿಯೊಳಗೆ ಹಾಕಿಕೊಂಡ. ಒಂದು ಲೋಟ ನೀರನ್ನು ಪೂರ್ತಿ ಕುಡಿದ. ಮೆಟ್ಟಿಲಿನ ಹತ್ತಿರ ಹೋಗಿ ಕಂಬಿ ಹಿಡಿದ. ಗಡಿಯಾರದವನು ಎದ್ದು ಬಂದು ಅವನ ಹಿಂದೆ ನಿಂತು, ಬೆನ್ನಿಗೆ ಅಂಗೈ ಆನಿಸಿದ. ಇಬ್ಬರೂ ಹತ್ತತೊಡಗಿದರು. ಆರನೆಯ ಮೆಟ್ಟಿಲಿನಲ್ಲಿ ತಾತ ನಿಂತು ಹಿಂತಿರುಗಿ ನೋಡಿದ.

"ಹಿಡ್ಕೊಂಡಿದ್ದೀನಿ ಅಪ್ಪ."

"ಗೊತ್ತು," ಎಂದ ತಾತ. "ಆದ್ರೂ ನೋಡ್ಕೊಂಡೆ."